ಜೌಗು ಎಲ್ಲಿಗೆ ಮುಗಿಯುತ್ತದೆ

ಜುಲೈ ತಿಂಗಳ ಕೊನೆ. ಕೆನಡಾದ ವಿಟ್ಬಿ ಊರು ದಾಟಿ ಉತ್ತರಕ್ಕೆ ಹೋಗುವ ರಸ್ತೆಯಲ್ಲಿ ಮಗಳು ಈಶಾ ಕಾರು ಓಡಿಸುತ್ತಿದ್ದಳು. ಲೈಸೆನ್ಸು ಬಂದು ಮೂರು ವಾರವಾಗಿತ್ತಷ್ಟೆ. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ಸೆಕೆಯೆಂದು ಕಿಟಕಿ ಇಳಿಸಿದಾಗ, ಕೊಯ್ದು ಒಣಗಲು ಹರಡಿದ ಹುಲ್ಲಿನ ವಾಸನೆ ಒಳಗೆ ಬಂತು. ಸಿಹಿಯಾದ, ಸ್ವಲ್ಪ ಒಗರಾದ, ಚಹಾಪುಡಿಯ ಡಬ್ಬಿ ತೆರೆದಂಥ ವಾಸನೆ. "ವಾಟ್ ಇಸ್ ದ್ಯಾಟ್?" ಎಂದು ಈಶಾ ಮೂಗರಳಿಸಿದಳು. ಕೆನ್ ಅಜ್ಜನ ಹೊಲ ಬಂತು ಎಂದೆ. ಆ ರಸ್ತೆಯಲ್ಲಿ ಜುಲೈ ಕೊನೆಗೆ ಹುಲ್ಲಿನ ವಾಸನೆ ಬಂದರೆ ಅದು ಆ ಒಂದು ಹೊಲದ್ದೇ. ಮಿಕ್ಕವರ ಹುಲ್ಲು ಜೂನ್ ತಿಂಗಳಲ್ಲೇ ಸುರುಳಿ ಸುತ್ತಿ ಶೆಡ್ಡು ಸೇರಿರುತ್ತದೆ. ಇಲ್ಲಿ ಯಾಕೆ ತಡ ಎನ್ನುವುದು ಒಂದು ಕಾಲಕ್ಕೆ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಆ ಹೊಲದ ಬಗ್ಗೆ ಹನ್ನೊಂದು ಪುಟ ಬರೆದು, ಕೆಳಗೆ ಸಹಿ ಹಾಕಿ ಕಳಿಸಿದ್ದೆ. ಆ ವರ್ಷದ ಕತೆ ಇದು.

ನಾನು ಧಾರವಾಡದ ಕಡೆಯ ಒಂದು ತಾಲೂಕಿನಲ್ಲಿ ಹನ್ನೆರಡು ವರ್ಷ ಸರ್ವೇಯರ್ ಆಗಿದ್ದವಳು. ಚೈನು ಹಿಡಿದು ಎರೆಹೊಲಗಳಲ್ಲಿ ತಿರುಗಿದವಳು. ಗಡಿಯ ಬಾಂದುಕಲ್ಲನ್ನು ಯಾರಾದರೂ ಕಿತ್ತು ಒಂದು ಮಾರು ಆಚೆ ನೆಟ್ಟಿದ್ದರೆ ಬದುವಿನ ಮೇಲೆ ನಿಂತೇ ಹೇಳುತ್ತಿದ್ದೆ. ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಲ್ಲಿಗೆ ಹೋಗಿ ಗೆರೆ ಇಲ್ಲಿದೆ ಎಂದು ತೋರಿಸಿದರೆ ಜಗಳ ಅಲ್ಲಿಗೆ ತಣ್ಣಗಾಗುತ್ತಿತ್ತು. ಅಳತೆ ತಪ್ಪುವುದು ನನ್ನ ಜಾಯಮಾನದಲ್ಲೇ ಇಲ್ಲ ಎಂದು ಹೇಳಿಕೊಂಡು ಓಡಾಡಿದವಳು. ಜಂಬವೆಂದರೆ ಜಂಬ, ಇತ್ತು, ಈಗಲೂ ಸ್ವಲ್ಪ ಇದೆ.

ಕೆನಡಾಕ್ಕೆ ಬಂದ ಮೇಲೆ ಮಾರ್ಕಮ್‌ನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ರಸ್ತೆಯಡಿ ಹೋಗುವ ಪೈಪು, ಕೇಬಲ್ಲುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ. ದಿನವಿಡೀ ನೆಲದ ಚಿತ್ರ ನೋಡುವುದು. ನೆಲ ಮುಟ್ಟುವುದು ಪಾರ್ಕಿಂಗ್ ಲಾಟಿನಿಂದ ಆಫೀಸಿನ ಬಾಗಿಲವರೆಗೆ, ಅದೂ ಡಾಂಬರು. ಐದು ವರ್ಷ ಹೀಗೆ ಕಳೆದ ಮೇಲೆ ಕಾಲು ನವೆಯಲು ಶುರುವಾಯಿತು. ಅಂಥ ಹೊತ್ತಿನಲ್ಲಿ ಲೈಬ್ರರಿಯ ಫಲಕದ ಮೇಲೆ ಒಂದು ಚೀಟಿ ಕಂಡೆ. ಊರಿನ ಹೊರಗಿನ ಹೊಲ, ಕಾಡು, ಜೌಗುಗಳನ್ನು ಉಳಿಸುವ ಒಂದು ಸ್ಥಳೀಯ ಟ್ರಸ್ಟಿಗೆ, ನಕ್ಷೆ ಓದಲು ಬರುವ ಮತ್ತು ನಡೆಯಲು ಬೇಸರಪಡದ ಸ್ವಯಂಸೇವಕರು ಬೇಕಾಗಿದ್ದರು. ನನ್ನ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿ ಇತ್ತು.

ಟ್ರಸ್ಟೆಂದರೆ ದೊಡ್ಡ ಕಚೇರಿ ಎಂದುಕೊಂಡು ಹೋದರೆ, ಹಳೆಯ ಮನೆಯೊಂದರ ಮಹಡಿಯ ಮೇಲೆ ಎರಡು ಕೋಣೆ, ಮೂರು ಜನ. ಅದನ್ನು ನಡೆಸುತ್ತಿದ್ದವಳು ಹೆದರ್ ಎಂಬ ಮೆತ್ತಗಿನ ಮಾತಿನ ಹೆಂಗಸು. ತಾವು ಮಾಡುವುದೇನೆಂದು ಅವಳು ಚಹಾ ಕೊಟ್ಟು ವಿವರಿಸಿದಳು. ರೈತ ಹೊಲವನ್ನು ಟ್ರಸ್ಟಿಗೆ ಕೊಡಬೇಕಿಲ್ಲ. ಅದು ಅವನದೇ, ಬೆಳೆಯಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಬಿಟ್ಟುಕೊಡುವುದು ಮುಖ್ಯವಾಗಿ ಒಂದನ್ನೇ, ಅದನ್ನು ತುಂಡು ಮಾಡಿ ಮನೆಗಳನ್ನು ಎಬ್ಬಿಸುವ ಹಕ್ಕನ್ನು. ಕಾಡು, ಜೌಗು ಇದ್ದರೆ ಅವನ್ನು ಕೆಡಿಸದಿರುವ ಮಾತೂ ಜೊತೆಗೆ ಸೇರುತ್ತದೆ. ಆ ಮಾತನ್ನು ಕರಾರಾಗಿ ಬರೆದು ಜಮೀನಿನ ಕಾಗದಕ್ಕೇ ನೋಂದಾಯಿಸುತ್ತಾರೆ. ಮುಂದೆ ಯಾರು ಕೊಂಡರೂ ಕರಾರು ಜಮೀನಿನ ಜೊತೆಗೇ ಹೋಗುತ್ತದೆ. ಟ್ರಸ್ಟಿನವರು ವರ್ಷಕ್ಕೊಮ್ಮೆ ಬಂದು ಗಡಿ ಸುತ್ತಿ, ಕೊಟ್ಟ ಮಾತು ಉಳಿದಿದೆಯೇ ಎಂದು ನೋಡಿ ಹೋಗುತ್ತಾರೆ. ಎಷ್ಟು ವರ್ಷ ಎಂದು ಕೇಳಿದೆ. ಎಂದೆಂದಿಗೂ ಎಂದಳು.

ನನಗೆ ನಂಬಿಕೆ ಬರಲಿಲ್ಲ. ಊರಿನಲ್ಲಿ ನನ್ನ ಮೇಜಿನ ಮುಂದೆ ನಿಂತವರಲ್ಲಿ ಹೆಚ್ಚಿನವರು ಹೊಲವನ್ನು ಸೈಟು ಮಾಡಿಸಲು ಬಂದವರು. ಸೈಟು ಆಗದ ಹಾಗೆ ಮಾಡಿಕೊಡಿ ಎಂದು ಬಂದ ಒಬ್ಬನನ್ನೂ ನಾನು ಕಂಡಿರಲಿಲ್ಲ. ಹೆದರ್ ನಕ್ಕು, ಅಂಥವನನ್ನೇ ತೋರಿಸುತ್ತೇನೆ ಎಂದಳು. ಕರಾರಿಗೆ ಮುಂಚೆ ಹೊಲದ ಮೂಲೆಮೂಲೆ ಈಗ ಹೇಗಿದೆ ಎಂದು ನಕ್ಷೆ, ಫೋಟೋ ಸಮೇತ ಒಂದು ವರದಿ ಆಗಬೇಕು. ಐವತ್ತು ವರ್ಷದ ಮೇಲೆ ತಕರಾರು ಎದ್ದರೆ ನಾನೂ ಇರುವುದಿಲ್ಲ, ನೀನೂ ಇರುವುದಿಲ್ಲ, ಆ ಕಾಗದವೇ ಮಾತಾಡಬೇಕು ಎಂದಳು. ಅದನ್ನು ಬರೆಯುವ ಕೆಲಸ ನನಗೆ ಬಂತು.

ಹೀಗೆ ನಾನು ಕೆನ್ ಅವರ ಹೊಲಕ್ಕೆ ಮೊದಲು ಹೋದದ್ದು ನವೆಂಬರಿನಲ್ಲಿ. ಕೆನ್ ಎಪ್ಪತ್ತು ದಾಟಿದ, ಉದ್ದನೆಯ, ಮಾತು ಕಡಿಮೆಯ ಮನುಷ್ಯ. ಹುಲ್ಲು ಬೆಳೆದು ಮಾರುತ್ತಿದ್ದರು. ಎರಡೂ ಮೊಣಕಾಲು ಸವೆದಿದ್ದರಿಂದ ಮುಂದಿನ ವರ್ಷದ ಚಳಿಗಾಲದೊಳಗೆ ಹೊಲ ಮಾರಿ ವಿಟ್ಬಿಗೆ ಹೋಗುವುದೆಂದು ನಿಶ್ಚಯಿಸಿದ್ದರು. ಅಲ್ಲಿ ಇಸ್ಪೀಟಿನ ಗೆಳೆಯರಿದ್ದಾರೆ ಎಂದು ಅದನ್ನು ಖುಷಿಯಿಂದಲೇ ಹೇಳುತ್ತಿದ್ದರು. ಮಾರುವ ಮೊದಲು ಕರಾರಿಗೆ ಸಹಿ ಹಾಕಿದರೆ ಹೊಲ ಹೊಲವಾಗಿ ಉಳಿಯುತ್ತದೆ. ಹಾಕದಿದ್ದರೆ ಬಿಲ್ಡರುಗಳು ಕಾದಿದ್ದಾರೆ. ಅವರ ಪತ್ರಗಳು ಅಡುಗೆಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬದ ತುಂಬ ಇದ್ದವು. ದಕ್ಷಿಣಕ್ಕೆ ಎರಡು ಹೊಲ ದಾಟಿದರೆ ಒಂದೇ ಅಚ್ಚಿನ ಮನೆಗಳ ಸಾಲು ಆಗಲೇ ಕಾಣುತ್ತಿತ್ತು.

ನವೆಂಬರಿನಲ್ಲಿ ಆ ನಾಡು ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಎಲೆ ಇಲ್ಲ, ಹೂವಿಲ್ಲ, ಹಕ್ಕಿಯಿಲ್ಲ, ಕಂದು ಬಣ್ಣ ಒಂದೇ. ನಾನು ಎರಡು ಶನಿವಾರ ನಡೆದು ಇಡೀ ಹೊಲ ಮುಗಿಸಿದೆ. ಮೂಲೆಗಳ ಕಬ್ಬಿಣದ ಗೂಟಗಳೆಲ್ಲ ಸಿಕ್ಕವು, ಒಂದು ಬೇಲಿಯೂ ತಪ್ಪಿರಲಿಲ್ಲ. ಕೆನ್ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ, ಹುಲ್ಲು ಯಾವಾಗ ಕೊಯ್ಯುತ್ತೀರಿ ಎಂದು. ಜುಲೈ ಕೊನೆಗೆ ಎಂದರು. ಯಾಕೆ ಅಷ್ಟು ತಡ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ನಮ್ಮ ಕಡೆ ಹೊಲದ ಉತಾರದಲ್ಲಿ ಖರಾಬು ಎಂದು ಒಂದು ಕಲಮು ಇರುತ್ತದೆ. ಬಂಡೆ, ಹಳ್ಳ, ದಿಬ್ಬ, ನೀರು ನಿಲ್ಲುವ ತಗ್ಗು, ಹೀಗೆ ಉಳಲು ಬಾರದ ಜಾಗವನ್ನೆಲ್ಲ ಒಟ್ಟು ಕ್ಷೇತ್ರದಿಂದ ಕಳೆದು ಆ ಕಲಮಿಗೆ ಹಾಕಬೇಕು. ಉಳಿದದ್ದೇ ನಿಜವಾದ ಜಮೀನು. ಖರಾಬನ್ನು ಗುರುತಿಸದ ಸರ್ವೇಯರ್ ಸರ್ವೇಯರೇ ಅಲ್ಲ. ಹನ್ನೆರಡು ವರ್ಷ ಬರೆದು ಬರೆದು ಕೈಗೆ ಕೂತ ಆ ಅಭ್ಯಾಸ ಕೆನಡಾಕ್ಕೆ ಬಂದೊಡನೆ ಇಳಿದು ಹೋಗುತ್ತದೆಯೇ? ಕೆನ್ ಅವರ ಹೊಲದಲ್ಲಿ ಮೂರು ಖರಾಬು ಕಂಡೆ. ನಡುವಿನ ಜೌಗು, ಹೊಲಗಳ ನಡುವೆ ಕಲ್ಲು ಗುಡ್ಡೆಹಾಕಿ ಅದರ ಮೇಲೆ ಪೊದೆ ಬೆಳೆದ ಉದ್ದನೆಯ ಸಾಲು, ಉತ್ತರದ ಮೂಲೆಯ ಮರಳು, ಜಲ್ಲಿಕಲ್ಲಿನ ದಿಬ್ಬ. ಮೂರರ ಮುಂದೆಯೂ ಅಚ್ಚ ಇಂಗ್ಲಿಷಿನಲ್ಲಿ, ಉತ್ಪಾದನೆಗೆ ಬಾರದ ಹಾಳು ಭೂಮಿ, ಯಾವ ಉಪಯೋಗವೂ ಇಲ್ಲ ಎಂದು ಬರೆದೆ. ಷರಾ ಎಂಬಲ್ಲಿ, ಹುಲ್ಲಿನ ಕೊಯ್ಲು ತಡ, ನಿರ್ವಹಣೆ ಸಾಲದು ಎಂದೂ ಸೇರಿಸಿದೆ. ಕರಡನ್ನು ಹೆದರ್ ನೋಡಿದ ಮೇಲೆ ರೈತನಿಗೆ ಕಳಿಸುವುದು ಅಲ್ಲಿನ ಪದ್ಧತಿ. ಕಾಯುವ ತಾಳ್ಮೆ ನನಗಿರಲಿಲ್ಲ; ಇಬ್ಬರಿಗೂ ಒಂದೇ ದಿನ ಕಳಿಸಿದೆ.

ಮಾರ್ಚಿನಲ್ಲಿ ಹೆದರ್ ಫೋನ್ ಮಾಡಿದಳು. ಕೆನ್ ಸಹಿ ಹಾಕುವುದಿಲ್ಲವಂತೆ. ಅವಳು ಬೈಯಲಿಲ್ಲ. ಮೂರು ವರ್ಷ ಅವರ ಅಡುಗೆಮನೆಯಲ್ಲಿ ಕೂತು ಕೂತು ಇಲ್ಲಿಯವರೆಗೆ ತಂದಿದ್ದೆ, ಈಗ ನೀನೇ ಹೋಗಿ ಮಾತಾಡು ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಹೋದೆ. ಕೆನ್ ನನ್ನ ವರದಿಯನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಕಾದಿದ್ದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ನಾನು ಉತ್ತರ ಕೊಟ್ಟದ್ದೂ ಇಂಗ್ಲಿಷಿನಲ್ಲೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಧಾರವಾಡದ ಮಾತಾಗಿ. ಬೇರೆ ರೀತಿಯಲ್ಲಿ ನೆನಪು ಮಾಡಿಕೊಳ್ಳಲು ನನಗೆ ಬರುವುದಿಲ್ಲ.

"ಹಾಳು ಅಂತ ಬರದೀ," ಎಂದರು. "ಹಾಳ ಭೂಮಿ ಕಾಯಾಕ ಕರಾರು ಯಾಕ ಬೇಕು? ಮನಿ ಕಟ್ಟಾವ್ರಿಗೆ ಕೊಟ್ಟಬಿಡ್ತೀನಿ. ಅವರಿಗರೆ ಉಪಯೋಗ ಆಗಲಿ."

ನಾನು ಸರ್ವೇಯರರ ಪದ್ಧತಿ, ಕಲಮು ಎಂದೆಲ್ಲ ವಿವರಿಸಲು ಹೋದೆ. ಅವರು ಕೇಳಿಸಿಕೊಂಡು, ಕಿಟಕಿಯಾಚೆಯ ಜೌಗಿನ ಕಡೆ ನೋಡುತ್ತ ಒಂದು ಸಂಗತಿ ಹೇಳಿದರು. ಅವರ ಅಪ್ಪನೂ ಅದನ್ನು ಹಾಳು ಎನ್ನುತ್ತಿದ್ದರಂತೆ. ನೀರು ಬಸಿದು ಹುಲ್ಲು ಬಿತ್ತಬೇಕೆಂದು ಕಾಲುವೆ ತೋಡುವ ಯಂತ್ರ ತರಿಸಿದಾಗ, ಇಪ್ಪತ್ತರ ಹರೆಯದ ಕೆನ್ ಅದರ ಮುಂದೆ ಹೋಗಿ ನಿಂತರು. ಆಮೇಲೆ ಅಪ್ಪ ಎರಡು ವರ್ಷ ಮಾತು ಬಿಟ್ಟಿದ್ದರು. ಯಂತ್ರ ಮಾತ್ರ ವಾಪಸು ಹೋಯಿತು. ಅಷ್ಟು ಕಷ್ಟಪಟ್ಟು ಉಳಿಸಿದ್ದನ್ನು, ಉಳಿಸಿಕೊಡುತ್ತೇವೆ ಎಂದು ಬಂದವರೇ ಹಾಳು ಎಂದು ಬರೆದುಕೊಟ್ಟರೆ ಯಾರಿಗೆ ತಾನೇ ರೇಗುವುದಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ತಿದ್ದಿ ಕೊಡುತ್ತೇನೆ, ಏನು ಬರೆಯಲಿ ಹೇಳಿ ಎಂದು ಕೇಳಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು.

"ನಾ ಹೇಳಿದ್ದು ಬರೀಬ್ಯಾಡ. ನೀ ಗೆರಿ ಹೊಡ್ಯಾಕಿ ಹೌದಿಲ್ಲೊ? ಈ ಜೌಗು ಎಲ್ಲಿ ಮುಗೀತೈತಿ, ಅದನ್ನ ತೋರಸು. ತೋರಿಸಿದಿ ಅಂದ್ರ ಸಹಿ ಮಾಡ್ತೀನಿ."

ನಾನು ಒಳಗೊಳಗೇ ನಕ್ಕೆ. ಜೌಗಿನ ಅಂಚು ಗುರುತಿಸುವುದು ನನಗೆ ಅರ್ಧ ದಿನದ ಕೆಲಸ. ಮನೆಗೆ ಬಂದು ಹಾಗೆಂದು ಹೇಳಿದರೆ ನಮ್ಮ ಮನೆಯವರು, ಹುಬ್ಬಳ್ಳಿಯವರು, ತಟ್ಟೆಯ ರೊಟ್ಟಿಯಿಂದ ತಲೆ ಎತ್ತಿ, "ಅಷ್ಟು ಸಸಾರ ಇದ್ದಿದ್ರ ಆ ಮನಶ್ಯಾ ಕೇಳ್ತಿದ್ದಿಲ್ಲ ಬಿಡು," ಎಂದರು. ಆಗ ಹನ್ನೊಂದು ವರ್ಷದವಳಾಗಿದ್ದ ಈಶಾ ನನ್ನ ವರದಿಯನ್ನು ಓದಿ, "ಅಮ್ಮಾ, ದಟ್ಸ್ ಸೋ ಮೀನ್," ಎಂದಳು. ಮನೆಯಲ್ಲೂ ನನ್ನ ಕಡೆಯವರು ಯಾರೂ ಇರಲಿಲ್ಲ.

ಏಪ್ರಿಲ್ ಎರಡನೆಯ ಶನಿವಾರ ಉಪಗ್ರಹದಿಂದ ಜಾಗ ಗುರುತಿಸುವ ಯಂತ್ರ, ಒಂದು ಕಟ್ಟು ಕಿತ್ತಳೆ ಬಣ್ಣದ ಪುಟ್ಟ ಬಾವುಟ, ಮೊಣಕಾಲವರೆಗಿನ ರಬ್ಬರ್ ಬೂಟು, ಎಲ್ಲ ಸಜ್ಜು ಮಾಡಿಕೊಂಡು ಹೋದೆ. ಹಿಮ ಕರಗಿ ಕಡೆಯ ತುಣುಕುಗಳು ಪೊದೆಗಳ ಬುಡದಲ್ಲಿ ಉಳಿದಿದ್ದವು. ನವೆಂಬರಿನಲ್ಲಿ ಒಣಗಿದ ಜೊಂಡುಹುಲ್ಲಿನ ಮೆಳೆ ಎಂದು ನಾನು ಎರಡು ಫೋಟೋ ತೆಗೆದು ಮುಗಿಸಿದ್ದ ಜಾಗದಲ್ಲಿ ಈಗ ನೀರು ಹೊಳೆಯುತ್ತಿತ್ತು. ಅಲ್ಲಿನ ಶಬ್ದಕ್ಕೆ ನಾನು ತಯಾರಾಗಿರಲಿಲ್ಲ. ಹೆಬ್ಬೆರಳ ಉಗುರಿನಷ್ಟಿರುವ ಕಪ್ಪೆಗಳು, ಒಂದೂ ಕಣ್ಣಿಗೆ ಬೀಳುವುದಿಲ್ಲ, ಎಲ್ಲ ಸೇರಿ ಕೂಗುತ್ತಿದ್ದರೆ ಪಕ್ಕದವರ ಮಾತು ಕೇಳಿಸದು. ಒಂದು ಹೆಜ್ಜೆ ಹತ್ತಿರ ಇಟ್ಟರೆ ಪೂರ್ತಿ ಸುಮ್ಮನಾಗುತ್ತಿದ್ದವು. ಉಸಿರು ಬಿಗಿಹಿಡಿದು ನಿಂತರೆ ಒಂದು, ಎರಡು, ಆಮೇಲೆ ಎಲ್ಲವೂ. ಟೊಳ್ಳು ಮರದಿಂದ ಬಣ್ಣಬಣ್ಣದ ಬಾತು ಜೋಡಿಯೊಂದು ಹಾರಿತು. ಕೆನ್ ತಮ್ಮ ಪಿಕಪ್ಪಿನ ಹಿಂಬಾಗಿಲ ಮೇಲೆ ಕಾಲು ಇಳಿಬಿಟ್ಟು ಕಾಫಿ ಕುಡಿಯುತ್ತ ನನ್ನನ್ನು ನೋಡುತ್ತಿದ್ದರು.

ನೀರಿನ ಅಂಚು ಹಿಡಿದು ಸುತ್ತಲೂ ಬಾವುಟ ನೆಟ್ಟೆ. ಸಂಜೆಗೆ ಗೆರೆ ಕೂಡಿತು. ಇದೇ ನೋಡಿ ಎಂದು ಯಂತ್ರದ ಪರದೆ ತೋರಿಸಿದೆ. ಅವರು ಒಳ್ಳೆಯ ಕೆಲಸ ಎಂದು ಒಪ್ಪಿ, ಜೂನ್‌ನಲ್ಲಿ ಮತ್ತೆ ಬಾ ಎಂದರು. ಮುಗಿದ ಕೆಲಸಕ್ಕೆ ಮತ್ತೆ ಯಾಕೆ ಬರಬೇಕು ಎಂದು ನನಗೆ ಸಿಟ್ಟು ಬಂತು. ಸಹಿ ಬೇಕಿದ್ದದ್ದು ನನಗೆ, ಬರುತ್ತೇನೆ ಎಂದೆ.

ಜೂನ್‌ನಲ್ಲಿ ಹೋದಾಗ ನನ್ನ ಬಾವುಟಗಳು ಒಣ ನೆಲದ ಮೇಲೆ ನಿಂತಿದ್ದವು. ನೀರು ಅವುಗಳಿಂದ ನಲವತ್ತು ಹೆಜ್ಜೆ ಒಳಗೆ ಸರಿದಿತ್ತು. ನನಗೆ ಹುಟ್ಟಿದ ಮೊದಲ ಅನುಮಾನ ಏನೆಂದು ಹೇಳಿದರೆ ನಗುತ್ತೀರಿ. ಈ ಮುದುಕ ಬಾವುಟ ಕಿತ್ತು ಆಚೆ ನೆಟ್ಟಿದ್ದಾರೆ! ಹನ್ನೆರಡು ವರ್ಷ ಬಾಂದುಕಲ್ಲು ಕದ್ದವರನ್ನು ಹಿಡಿದ ಬುದ್ಧಿ ಎಲ್ಲಿಗೆ ಹೋಗುತ್ತದೆ. ಅವರಿಗೆ ಕಾಣದ ಹಾಗೆ ಒಂದೊಂದು ಬಾವುಟದ ಜಾಗವನ್ನೂ ಯಂತ್ರದಲ್ಲಿ ತಾಳೆ ನೋಡಿದೆ. ಒಂದೂ ಅಲುಗಿರಲಿಲ್ಲ. ನಾನು ನೆಟ್ಟಲ್ಲೇ ಇದ್ದವು; ಜೌಗು ಎದ್ದು ನಡೆದಿತ್ತು. ಹೊಸ ಅಂಚಿಗೆ ನೀಲಿ ಬಾವುಟ ನೆಡಲು ತೊಡಗಿದೆ. ನಾನು ತಾಳೆ ನೋಡಿದ್ದು ಕೆನ್ ಅವರಿಗೆ ಗೊತ್ತಾಗಿತ್ತು ಎಂದು ಆಮೇಲೆ ತಿಳಿಯಿತು.

ಆ ದಿನ ಅವರು ನನ್ನನ್ನು ಹುಲ್ಲಿನ ಹೊಲದ ಅಂಚಿಗೂ ಕರೆದುಕೊಂಡು ಹೋದರು. ಸುತ್ತಲಿನ ಹೊಲಗಳಲ್ಲಿ ಯಂತ್ರಗಳು ಓಡಾಡುತ್ತಿದ್ದವು. ಇವರ ಹುಲ್ಲು ಸೊಂಟದ ಮಟ್ಟಕ್ಕೆ ನಿಂತಿತ್ತು. ಅದರೊಳಗಿಂದ ಒಂದು ಕಪ್ಪು ಹಕ್ಕಿ, ತಲೆಯ ಹಿಂದೆ ಬೆಣ್ಣೆ ಮೆತ್ತಿದಂಥದ್ದು, ಗಡಗಡನೆ ಏನೋ ಹಾಡಿಕೊಂಡು ಮೇಲೇರಿ ಮತ್ತೆ ಹುಲ್ಲಿಗಿಳಿಯಿತು. ಬಾಬೊಲಿಂಕ್ ಎಂದರು. ಆ ಹಕ್ಕಿ ನೆಲದ ಮೇಲೆ, ಹುಲ್ಲಿನ ಬುಡದಲ್ಲಿ ಗೂಡು ಕಟ್ಟುತ್ತದೆ. ಜೂನ್‌ನಲ್ಲಿ ಕೊಯ್ದರೆ ಹುಲ್ಲು ಮೆತ್ತಗಿರುತ್ತದೆ, ಒಳ್ಳೆಯ ಬೆಲೆ ಬರುತ್ತದೆ, ಮರಿಗಳು ಬ್ಲೇಡಿಗೆ ಹೋಗುತ್ತವೆ. ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಕಾದರೆ ಹುಲ್ಲು ಬಿರುಸಾಗುತ್ತದೆ. ಕೆನ್ ಅದನ್ನು ಬಲ್ಲವರೇ ಆಗಿ ಅಷ್ಟು ವರ್ಷ ಕಾಯುತ್ತಿದ್ದರು. ನಾನು ಇದಕ್ಕೆ ನಿರ್ವಹಣೆ ಸಾಲದು ಎಂದು ಷರಾ ಬರೆದಿದ್ದೆ. ಕಲ್ಲಿನ ಸಾಲಿನ ಪೊದೆಯಲ್ಲಿ ನರಿಯ ಬಿಲವಿತ್ತು, ಕಾಡು ರಾಸ್ಪ್‌ಬೆರಿ ಕಾಯಿ ಕಟ್ಟಿತ್ತು. ಉತ್ತರದ ದಿಬ್ಬ ಹತ್ತಿ ನಿಂತರೆ ಹೊಲ, ತೋಪು, ಮತ್ತೆ ಹೊಲ, ಅದರಾಚೆ ಮನೆಗಳ ಸಾಲು, ಅದಕ್ಕೂ ಆಚೆ ದೂರದಲ್ಲಿ ಸರೋವರದ ನೀಲಿ ಪಟ್ಟಿ. ಕೆಳಗಿನ ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಆ ದಿಬ್ಬದ ಚಿತ್ರ ತೆಗೆದುಕೊಳ್ಳುತ್ತಾರಂತೆ. ನಾನು ಅದನ್ನು ಜಲ್ಲಿಕಲ್ಲು ಎಂದು ನೋಡಿ ಬಂದಿದ್ದೆ.

ಆಗಸ್ಟಿನಲ್ಲಿ ಮೂರನೆಯ ಸಲ ಹೋದಾಗ ಬೂಟೇ ಬೇಕಾಗಲಿಲ್ಲ. ಸಾದಾ ಚಪ್ಪಲಿಯಲ್ಲಿ ಜೌಗಿನೊಳಗೆ ನಡೆದೆ. ನಡುವೆ ಜೊಂಡಿನ ಮೆಳೆಯಲ್ಲಿ ಒಂದಿಷ್ಟು ಕಪ್ಪು ಕೆಸರು, ಅಷ್ಟೇ. ಅದರ ಸುತ್ತ ಬಿಳಿ ಬಾವುಟ ನೆಟ್ಟು ತಲೆ ಎತ್ತಿದರೆ, ಹೊರಗೆ ನೀಲಿ, ಇನ್ನೂ ಹೊರಗೆ ಕಿತ್ತಳೆ. ಯಾರಾದರೂ ಸರ್ವೇಯರ್ ಆಗಸ್ಟಿನಲ್ಲಿ ಮೊದಲ ಸಲ ಬಂದಿದ್ದರೆ ಬಿಳಿಯ ಗೆರೆಯನ್ನೇ ಜೌಗು ಎಂದು ಬರೆದು, ಮಿಕ್ಕದ್ದನ್ನೆಲ್ಲ ಒಣ ನೆಲಕ್ಕೆ ಸೇರಿಸಿ ಮನೆಗೆ ಹೋಗುತ್ತಿದ್ದ. ಹಾಗೆ ಅನ್ನಿಸಿದ ಕೂಡಲೇ ನನಗೆ ಊರಿನ ಒಂದು ಹಳ್ಳ ನೆನಪಿಗೆ ಬಂದು ಕಾಲು ನಿಂತಿತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅಳೆದದ್ದು ಅದು. ನಮ್ಮಲ್ಲಿ ಅಳತೆ ನಡೆಯುವುದು ಬೇಸಿಗೆಯಲ್ಲಿ, ಪೈರು ಇಲ್ಲದಾಗ. ಮೇ ತಿಂಗಳ ಬಿಸಿಲಲ್ಲಿ ಹಳ್ಳದ ಪಾತ್ರ ಒಂದು ಗಾಡಿ ದಾರಿಯಷ್ಟು ಅಗಲ, ಮರಳು, ಎರಡು ಜಾಲಿಗಿಡ. ಅಷ್ಟನ್ನೇ ಗೆರೆ ಎಳೆದು ಖರಾಬಿಗೆ ಹಾಕಿದೆ. ವರ್ಷಗಳಾದ ಮೇಲೆ ಆ ಹೊಲ ಲೇಔಟ್ ಆಯಿತು. ಗೆರೆಗೆ ತಾಗಿಕೊಂಡು ಮನೆಗಳೆದ್ದವು. ಒಂದು ಆಷಾಢದಲ್ಲಿ ದೊಡ್ಡ ಮಳೆ ಬಿದ್ದ ಮಾರನೆಯ ದಿನ ಒಬ್ಬ ಶಾಲಾ ಮಾಸ್ತರರು ಒದ್ದೆಯಾದ ಖರೀದಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕಚೇರಿಗೆ ಬಂದರು. ಮನೆಯೊಳಗೆ ಸೊಂಟದವರೆಗೆ ನೀರು ಬಂದಿತ್ತು. ನಾನು ನಕ್ಷೆ ತೆಗೆದು ಬೆರಳಿಟ್ಟು ತೋರಿಸಿ, ನಿಮ್ಮ ಮನೆ ಹಳ್ಳದ ಹೊರಗಿದೆ ಎಂದು ವಾದಿಸಿದೆ. ಅವರು ನಕ್ಷೆಯನ್ನು ನೋಡಿದರು, ನನ್ನನ್ನು ನೋಡಿದರು.

"ಮೇಡಂ, ಅದನ್ನ ಹಳ್ಳಕ್ಕ ಹೇಳ್ರಿ," ಎಂದು ಚೀಲ ಮಡಿಸಿಕೊಂಡು ಹೋದರು.

ನನ್ನ ಗೆರೆ ಸರಿಯಾಗಿತ್ತು ಎಂದು ಆ ದಿನವೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಸರಿಯಾಗಿತ್ತು, ಮೇ ತಿಂಗಳಿಗೆ. ಮಾಸ್ತರರ ಹೆಸರು ನನಗೆ ಈಗ ನೆನಪಿಲ್ಲ. ಆ ಚೀಲ ನೆನಪಿದೆ.

ಇದನ್ನೆಲ್ಲ ಕೆನ್ ಅವರಿಗೆ ಅಡುಗೆಮನೆಯಲ್ಲಿ ಕೂತು ಹೇಳಿದೆ. ಹೇಳಬೇಕೆಂದು ಹೋದವಳಲ್ಲ, ತಾನಾಗಿ ಬಾಯಿಗೆ ಬಂತು. ಖರಾಬಿನ ಕಲಮಿನ ಬಗ್ಗೆಯೂ ಹೇಳಿದೆ: ಒಮ್ಮೆ ಹಾಗೆಂದು ಬರೆದ ಮೇಲೆ ಅದು ಯಾರಿಗೂ ಬೇಡದ ಜಾಗವಾಗುತ್ತದೆ, ಯಾರು ಬೇಕಾದರೂ ನುಂಗಬಹುದಾದ ಜಾಗವಾಗುತ್ತದೆ ಎಂದು. ಆಮೇಲೆ ಮೂರು ಗೆರೆಗಳಿರುವ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಜೌಗು ಇಂಥಲ್ಲೇ ಮುಗಿಯುತ್ತದೆ ಎಂದು ತೋರಿಸಲು ನನ್ನಿಂದ ಆಗುವುದಿಲ್ಲ ಎಂದು ಒಪ್ಪಿಕೊಂಡೆ. ಸಹಿ ತಪ್ಪಿತು ಎಂದೇ ಎಣಿಸಿದ್ದೆ.

ಕೆನ್ ಮೂರೂ ಗೆರೆಗಳ ಮೇಲೆ ಬೆರಳಾಡಿಸಿದರು. ಕರಾರು ಬರೆಯುವ ವಕೀಲರಿಗೆ ಒಂದೇ ಗೆರೆ ಬೇಕಲ್ಲ, ಯಾವುದನ್ನು ಬರೆಯುತ್ತೀ ಎಂದು ಕೇಳಿದರು. ಇದು ಸಣ್ಣ ಪ್ರಶ್ನೆಯಲ್ಲ. ಗೆರೆಯೊಳಗೆ ಉಳುವಂತಿಲ್ಲ, ಕೊಯ್ಯುವಂತಿಲ್ಲ, ನೀರು ಬಸಿಯುವಂತಿಲ್ಲ. ಆಗಸ್ಟಿನ ಗೆರೆ ಬರೆದರೆ ಅವರ ಹುಲ್ಲಿನ ಹೊಲ ದೊಡ್ಡದಾಗಿ ಉಳಿಯುತ್ತದೆ, ಮಾರುವಾಗ ಅನುಕೂಲ. ಏಪ್ರಿಲ್‌ನ ಗೆರೆ ಅವರ ಹೊಲದ ಅತಿ ಒಳ್ಳೆಯ ಮಣ್ಣಿನ ಒಂದು ಪಟ್ಟಿಯನ್ನೇ ನುಂಗುತ್ತದೆ. ಅವರನ್ನು ಒಲಿಸಿಕೊಳ್ಳಬೇಕಿದ್ದರೆ ಆಗಸ್ಟು ಎನ್ನಬೇಕಿತ್ತು. ಆದರೆ ಮಾಸ್ತರರ ಚೀಲ ನೆನಪಾದ ಮೇಲೆ ಯಾವ ಗೆರೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ; ಹಳೆಯ ಜಂಬವೂ ಮರಳಿತ್ತು.

"ಏಪ್ರಿಲ್‌ದು ಬರೀತೀನ್ರಿ. ನೀರು ಎಲ್ಲೀ ಮಟಾ ಬರತೈತೋ ಅಲ್ಲೀ ಮಟಾ ಅದರದ," ಎಂದೆ. "ಆಗಸ್ಟಿಂದು ನೀವು ಕೇಳಿದ್ರೂ ಬರ್ಯಂಗಿಲ್ಲ," ಎಂದೂ ಸೇರಿಸಿದೆ.

ಅವರು ಎದ್ದು ಕಾಫಿ ಪಾತ್ರೆ ತೊಳೆದಿಟ್ಟು ಬಂದು ಕೂತರು.

"ನಮ್ಮಪ್ಪ ಇದ್ದಿದ್ರ ಆಗಸ್ಟ್ ಅಂತಿದ್ದ," ಎಂದರು. "ಹೆದರ್‌ಗೆ ಹೇಳು, ಕಾಗದ ತರಲಿ." ಆಮೇಲೆ, ಜೂನ್‌ನಲ್ಲಿ ಬಾವುಟಗಳನ್ನು ನೀನು ಕದ್ದು ತಾಳೆ ನೋಡಿದಾಗಲೇ ಸಹಿ ಹಾಕುವುದೆಂದು ಮನಸ್ಸು ಮಾಡಿದ್ದೆ, ಯಾರನ್ನೂ ನಂಬದವಳು ಒಳ್ಳೆಯ ಕಾವಲುಗಾರ್ತಿಯಾಗುತ್ತಾಳೆ ಎಂದು ಮೊದಲ ಬಾರಿಗೆ ಬಾಯ್ತುಂಬ ನಕ್ಕರು.

ಹೊಸ ವರದಿ ನಲವತ್ತು ಪುಟ ಮೀರಿತು. ಅದರಲ್ಲಿ ಹುಲ್ಲಿನ ಹೊಲಕ್ಕೆ ನಾಲ್ಕು ಪುಟ. ಮಿಕ್ಕದ್ದೆಲ್ಲ ನನ್ನ ಮೂರು ಖರಾಬುಗಳದ್ದೇ. ಯಾವ ಮರದಲ್ಲಿ ಬಾತಿನ ಗೂಡು, ಕಲ್ಲಿನ ಸಾಲಿನಲ್ಲಿ ಎಲ್ಲಿ ನರಿಯ ಬಿಲ, ದಿಬ್ಬದ ಯಾವ ಕಲ್ಲಿನ ಮೇಲೆ ನಿಂತರೆ ಸರೋವರ ಕಾಣುತ್ತದೆ, ಎಲ್ಲ ಬರೆದೆ. ಮೂರೂ ಗೆರೆಗಳ ನಕ್ಷೆ ಹಾಕಿ, ಕಾಯಬೇಕಾದದ್ದು ಹೊರಗಿನದು ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದು, ಆ ಕಿತ್ತಳೆ ಬಾವುಟಗಳ ಜಾಗದಲ್ಲಿ ಕಬ್ಬಿಣದ ಗೂಟ ಹೊಡೆಸಿದೆ. ಈ ಸಲ ಹೆದರ್ ನೋಡುವವರೆಗೆ ಕಾದೆ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅದೇ ಅಡುಗೆಮನೆ ಮೇಜಿನ ಮೇಲೆ ಕೆನ್ ಸಹಿ ಹಾಕಿದರು. ಬಿಸ್ಕತ್ತಿನ ಡಬ್ಬದಲ್ಲಿದ್ದ ಪತ್ರಗಳನ್ನು ಒಲೆಗೆ ಹಾಕಿ, ಡಬ್ಬದ ತುಂಬ ನಾನು ತಂದಿದ್ದ ಕರದಂಟು ತುಂಬಿಟ್ಟುಕೊಂಡರು.

ಹೊಲವನ್ನು ಕೊಂಡದ್ದು ಕುರಿ ಸಾಕುವ ಎಳೆಯ ಗಂಡಹೆಂಡತಿ. ಬಿಲ್ಡರುಗಳ ಬೆಲೆಗಾದರೆ ಅವರಿಗೆ ಬೇಲಿ ಮುಟ್ಟಲೂ ಆಗುತ್ತಿರಲಿಲ್ಲ. ಮನೆ ಕಟ್ಟುವಂತಿಲ್ಲದ ಹೊಲವಾದ್ದರಿಂದ ಕೈಗೆಟುಕಿತು. ಕರಾರಿನಲ್ಲಿ ಬರೆದ ಹಾಗೆ ಅವರೂ ಹಕ್ಕಿಗಳು ಹಾರಿದ ಮೇಲೆಯೇ ಹುಲ್ಲು ಕೊಯ್ಯುತ್ತಾರೆ. ಆರು ವರ್ಷಗಳಿಂದ ಪ್ರತಿ ಜುಲೈಯಲ್ಲಿ ಗಡಿ ಸುತ್ತುವವಳು ನಾನೇ. ಈ ಸಲ ಈಶಾ ಜೊತೆಗಿದ್ದಳು. ದಿಬ್ಬದ ಮೇಲೆ, ಕಲ್ಲಿನ ಸಾಲಿನ ಪಕ್ಕ, ವರದಿಯಲ್ಲಿ ಹೇಳಿದ ಜಾಗಗಳಲ್ಲೇ ನಿಂತು ಅದೇ ದಿಕ್ಕಿಗೆ ತಿರುಗಿ ಫೋಟೋ ತೆಗೆದೆವು. ಜೌಗಿನ ಹತ್ತಿರ ಬಂದಾಗ ನಾನು ನಿಂತೆ. ವಸಂತದಲ್ಲಿ ಇಲ್ಲಿ ವಿಪರೀತ ಮಳೆಯಾಗಿತ್ತು. ಆ ನೀರು ಇಳಿದುಹೋಗಿದ್ದರೂ ಗುರುತು ಬಿಟ್ಟಿತ್ತು. ಒಣಗಿದ ಜೊಂಡು, ಕಡ್ಡಿ, ಎಲೆ ಎಲ್ಲ ಸೇರಿ ಒಂದು ಉದ್ದನೆಯ ಕಸದ ಗೆರೆ. ಅದು ನನ್ನ ಕಬ್ಬಿಣದ ಗೂಟಗಳನ್ನು ದಾಟಿ, ಹುಲ್ಲಿನ ಹೊಲದೊಳಗೆ ಹೋಗಿ, ಬೇಲಿಯ ಮೂರನೆಯ ಕಂಬಕ್ಕೆ ತಾಗಿತ್ತು. ಈಶಾ ಹೆಜ್ಜೆ ಎಣಿಸಿದಳು. ನಾನು ಬರೆದುಕೊಂಡೆ.

ಗಡಿ ಸುತ್ತಿದ ದಿನ ವಾಪಸು ಬರುವಾಗ ವಿಟ್ಬಿಯಲ್ಲಿ ಕೆನ್ ಇರುವ ಹಿರಿಯರ ಮನೆಗೆ ಹೋಗುವುದು ನಮ್ಮ ರೂಢಿ. ಅವರು ವರಾಂಡದಲ್ಲಿ ಇಬ್ಬರು ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದರು. ಕುಶಲ ಗಿಶಲ ಕೇಳುವ ಪದ್ಧತಿ ಅವರಿಗಿಲ್ಲ. ಎಲೆಗಳಿಂದ ಕಣ್ಣೆತ್ತದೆ, ಪ್ರತಿ ವರ್ಷ ಕೇಳುವ ಒಂದೇ ಪ್ರಶ್ನೆ ಕೇಳಿದರು.

"ಈ ವರ್ಷ ಎಲ್ಲಿಗೆ ಮುಗೀತು?"

"ಮೂರನೇ ಕಂಬದ ಮಟಾ ಬಂದಿತ್ರಿ. ನನ್ನ ಗೂಟ ದಾಟಿ."

ಕೆನ್ ಎಲೆಗಳನ್ನು ಮೇಜಿನ ಮೇಲೆ ಕವುಚಿ ಇಟ್ಟು ನನ್ನನ್ನು ನೋಡಿದರು.

"ಹಂಗಾರ ನಿನ್ನ ಅಳತಿ ತಪ್ಪಾತು."

"ಹೌದ್ರಿ," ಎಂದೆ. "ತಪ್ಪಾತು."

ನನ್ನ ಅಳತೆ ತಪ್ಪೆಂದು ನಾನು ಒಪ್ಪಿದ್ದು ಜೀವನದಲ್ಲಿ ಅದೇ ಮೊದಲು, ಎಷ್ಟು ಸಂತೋಷದಿಂದ ಹೇಳಿದೆನೆಂದರೆ ಈಶಾ ನನ್ನ ಮುಖವನ್ನೇ ನೋಡಿದಳು. ಕೆನ್ ಕಾಲಿನಿಂದ ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿ, ಎಲೆಗಳನ್ನೆಲ್ಲ ಕೂಡಿಸಿ ಕಲಸಿ, ನನಗೂ ಸೇರಿಸಿ ಹೊಸದಾಗಿ ಹಂಚಲು ತೊಡಗಿದರು.